ಹುಣಸೆಹಣ್ಣಿನ ನೀರಲ್ಲಿ ಅಜ್ಜಿಯ ಹವಳ

ಹೋದ ದೀಪಾವಳಿಗೆ ಹುಳಿಯಾರಿಗೆ ಹೋದಾಗ ಒಂದು ಎಡವಟ್ಟು ಮಾಡಿಕೊಂಡೆ. ಹಿತ್ತಾಳೆ ದೀಪ, ತಾಮ್ರದ ಚೊಂಬು, ಪೂಜೆ ಗಂಟೆ ಎಲ್ಲವನ್ನೂ ಹುಣಸೆಹಣ್ಣಿನ ನೀರಲ್ಲಿ ನೆನೆಹಾಕಿ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಕ್ಕದಲ್ಲೇ ಅಜ್ಜಿಯ ಹವಳದ ಸರ. 19 ಮಣಿ, ಅಜ್ಜಿಯ ಮದುವೆಯಲ್ಲಿ ಅವಳ ತಾಯಿ ಹಾಕಿದ್ದು. ದಾರವೆಲ್ಲ ಎಣ್ಣೆ ಹಿಡಿದು ಜಿಡ್ಡಾಗಿತ್ತು. ಒಂದೇ ಸಲಕ್ಕೆ ಆಗಿಹೋಗಲಿ ಅಂತ ಅದನ್ನೂ ಅದೇ ಬೋಗುಣಿಗೆ ಹಾಕಿದೆ.

ಅಷ್ಟರಲ್ಲಿ ಆಫೀಸಿನಿಂದ ಕಾಲ್. ಹಬ್ಬದ ದಿನವೇ ಸರ್ವರ್ ಬೀಳೋದು ಯಾಕೆ ಅಂತ ಇನ್ನೊಂದು ಲೇಖನ ಬರೀಬಹುದು, ಅದು ಬಿಡಿ. ಕಾಲ್ ಮುಗಿಯುವಾಗ ರಾತ್ರಿ ಹನ್ನೊಂದು. ಉಂಡು ಮಲಗಿಬಿಟ್ಟೆ.

ಬೆಳಗ್ಗೆ ನೋಡಿದರೆ ದೀಪಗಳು ಫಳಫಳ. ಹವಳ ಮಾತ್ರ ವಿಭೂತಿ ಸವರಿದ ಹಾಗೆ ಮಂಕಾಗಿ ಕೂತಿತ್ತು. ಆ ಕೆಂಪಿಲ್ಲ, ಆ ನುಣುಪಿಲ್ಲ. ಬೆರಳಾಡಿಸಿದರೆ ತರಿತರಿ. ಎದೆ ಧಸಕ್ಕಂತು. ಅಜ್ಜಿಗೆ "ದಾರ ಹಳೇದಾಗಿದೆ, ಬೆಂಗಳೂರಲ್ಲಿ ಹೊಸದಾಗಿ ಪೋಣಿಸ್ಕೊಂಡು ತರ್ತೀನಿ" ಅಂತ ಸುಳ್ಳು ಹೇಳಿ ಬ್ಯಾಗಿಗೆ ಹಾಕಿಕೊಂಡೆ.

ಬೆಂಗಳೂರಿನಲ್ಲಿ ಒಬ್ಬ ವಯಸ್ಸಾದ ಅಕ್ಕಸಾಲಿಗರಿಗೆ ತೋರಿಸಿದೆ. ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದವರೇ ಕೇಳಿದರು: "ಹುಳಿಗೆ ಹಾಕಿದ್ರಾ?" ತಲೆ ಆಡಿಸಿದೆ. "ಒಂದು ಸಮಾಧಾನ ಮಾಡ್ಕೊಳಿ ಮೇಡಂ. ಗಾಜಾಗಿದ್ರೆ, ಪ್ಲಾಸ್ಟಿಕ್ಕಾಗಿದ್ರೆ ಏನೂ ಆಗ್ತಿರ್ಲಿಲ್ಲ. ನಿಮ್ಮಜ್ಜಿದು ಅಸಲಿ ಹವಳ." ಅಸಲಿ ಅಂತ ಗೊತ್ತಾದ ದಿನವೇ ಅದನ್ನು ಹಾಳು ಮಾಡಿದವಳು ಬಹುಶಃ ನಾನೊಬ್ಬಳೇ.

ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದವಳಿಗೆ ಇದು ಹೊಳೆಯಬೇಕಿತ್ತು. ಹವಳವೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದಕಲ್ಲು, ಮೊಟ್ಟೆಯ ಚಿಪ್ಪು, ಕಡಲ ಚಿಪ್ಪು ಎಲ್ಲ ಒಂದೇ ಕುಲ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಹಿತ್ತಾಳೆಯ ಕಿಲುಬು ಬಿಡಿಸುವ ಅದೇ ಹುಳಿ, ಹವಳದ ಮೇಲ್ಪದರವನ್ನೂ ಕರಗಿಸಿ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಬಿಟ್ಟುಬಿಡುತ್ತದೆ. ಊರ ಹೆಸರಲ್ಲೇ ಹುಳಿ ಇಟ್ಟುಕೊಂಡವಳಿಗೆ ಹುಳಿಯ ಗುಣ ಗೊತ್ತಾಗಲಿಲ್ಲ.

ಜನವರಿಯಲ್ಲಿ ಗೆಳತಿಯರ ಜೊತೆ ಮುರುಡೇಶ್ವರಕ್ಕೆ ಹೋಗಿದ್ದೆ, ನೇತ್ರಾಣಿಯಲ್ಲಿ ಸ್ಕೂಬಾ ಮಾಡೋಕೆ. ದಡದಿಂದ ಸುಮಾರು 10 ನಾಟಿಕಲ್ ಮೈಲಿ. ದೋಣಿಯಲ್ಲಿ ಹೋಗುವಷ್ಟು ಹೊತ್ತೂ ಹೊಟ್ಟೆ ತೊಳೆಸಿ ನನ್ನ ಧೈರ್ಯವೆಲ್ಲ ಇಳಿದಿತ್ತು. ಬಯಲುಸೀಮೆಯ ಹುಡುಗಿ, ಬೋರನಕಣಿವೆ ಡ್ಯಾಮ್ ತುಂಬಿದರೆ ಅದೇ ಸಮುದ್ರ ಅಂದುಕೊಂಡು ಬೆಳೆದವಳು. ನೀರಿಗಿಳಿದ ಮೇಲೆ ಮಾತ್ರ ಎಲ್ಲ ಮರೆತುಹೋಯಿತು. ಬಂಡೆಗಳ ಮೇಲೆ ಅಲ್ಲಲ್ಲಿ ಹಸಿರು-ಕಂದು ಬಣ್ಣದ ಗುಂಡು ಗುಂಡು ಹವಳ. ಹತ್ತಿರ ಹೋದರೆ ಮೈತುಂಬ ಚುಕ್ಕಿ ಚುಕ್ಕಿ ಗುಳಿ. ಒಂದೊಂದು ಗುಳಿಯೂ ಒಂದೊಂದು ಜೀವದ ಮನೆ. ಕೈ ಚಾಚಿದೆ. ಇನ್‌ಸ್ಟ್ರಕ್ಟರ್ ಬೆರಳಾಡಿಸಿ "ಮುಟ್ಟಬೇಡ" ಅಂದರು. ನೀರೊಳಗೆ ಬೈಗುಳವೂ ಸನ್ನೆಯಲ್ಲೇ.

ಅಜ್ಜಿಯ ಕೆಂಪು ಹವಳ ಮತ್ತು ನೇತ್ರಾಣಿಯ ಹವಳ ಒಂದೇ ಅಲ್ಲ. ಆಭರಣದ ಕೆಂಪು ಹವಳಕ್ಕೆ ಹಿಂದಿನಿಂದಲೂ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರ. ಅದು ಬೆಳಕು ಕಡಿಮೆ ಇರುವ ಕಡೆ ಬೆಳೆಯುತ್ತದೆ, ವರ್ಷಕ್ಕೆ ಅರ್ಧ ಮಿಲಿಮೀಟರ್ ಕೂಡ ದಪ್ಪವಾಗುವುದಿಲ್ಲ. ಅಂದರೆ ಕಡಲೆಕಾಳಿನಷ್ಟು ಮಣಿಗೂ ಹತ್ತಾರು ವರ್ಷ ಬೇಕು. ಅದನ್ನು ನಾನು ಒಂದು ರಾತ್ರಿಯಲ್ಲಿ ಕೆರೆದು ಹಾಕಿದ್ದೆ. ನೇತ್ರಾಣಿಯದ್ದು, ಲಕ್ಷದ್ವೀಪದ್ದು ಬೇರೆ ಬಗೆ, ಬಿಸಿಲು ಬೇಕಾದವು. ಅವುಗಳ ಮೈಯೊಳಗೆ ಪಾಚಿ ಇರುತ್ತೆ. ಪಾಚಿ ಅಡುಗೆ ಮಾಡಿ ಬಡಿಸುತ್ತೆ, ಹವಳ ಮನೆ ಕಟ್ಟುತ್ತೆ. ಆದರೆ ಎರಡೂ ಬಗೆಗೆ ಇಟ್ಟಿಗೆ ಒಂದೇ: ಸುಣ್ಣ.

ಆ ಇಟ್ಟಿಗೆಗೆ ಈಗ ತೊಂದರೆ. ನಾವು ಸುಡುವ ಪೆಟ್ರೋಲ್, ಕಲ್ಲಿದ್ದಲಿನಿಂದ ಬರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ನುಂಗುತ್ತದೆ. ನೀರಿಗೆ ಸೇರಿದ್ದೇ ಅದು ಕಾರ್ಬಾನಿಕ್ ಆಮ್ಲವಾಗುತ್ತೆ. ಸೋಡಾ ಕುಡಿದಾಗ ನಾಲಿಗೆಗೆ ಚುರ್ ಅನ್ನುತ್ತಲ್ಲ, ಅದೇ. ಆ ಆಮ್ಲದಿಂದ ಬಿಡಿಸಿಕೊಂಡ ಹೈಡ್ರೋಜನ್ ಅಯಾನುಗಳು ನೀರಲ್ಲಿರುವ ಕಾರ್ಬೊನೇಟ್‌ಗೆ ಅಂಟಿಕೊಂಡು ಅದನ್ನು ಬೈಕಾರ್ಬೊನೇಟ್ ಮಾಡಿಬಿಡುತ್ತವೆ. ಸುಣ್ಣ ಕಟ್ಟೋಕೆ ಬೇಕಾದ್ದು ಕಾರ್ಬೊನೇಟ್. ಬೇಡಿಕೆ ಹಾಗೇ ಇದೆ, ಸರಕು ಕಡಿಮೆಯಾಗುತ್ತಿದೆ.

ಕೈಗಾರಿಕೆ ಶುರುವಾಗುವ ಮುಂಚೆ ಕಡಲ ಮೇಲ್ಮೈ ನೀರಿನ ಪಿಎಚ್ 8.2ರ ಹತ್ತಿರ ಇತ್ತು, ಈಗ 8.1ರ ಆಸುಪಾಸು. ನನ್ನ ಟೀಮಿನವನೊಬ್ಬ "ಪಾಯಿಂಟ್ ಒನ್‌ಗೆ ಇಷ್ಟೊಂದು ಗಲಾಟೆನಾ?" ಅಂದ. ಇದು ಲಾಗ್ ಲೆಕ್ಕ ಮಾರಾಯ. 0.1 ಇಳಿದರೆ ಹೈಡ್ರೋಜನ್ ಅಯಾನು ಶೇ 26ರಷ್ಟು ಜಾಸ್ತಿ. ಹಾಗಂತ ಕಡಲು ಹುಣಸೆ ರಸವಾಗಿಲ್ಲ, ಈಗಲೂ ಅದು ಕ್ಷಾರವೇ. ಜೀವಂತ ಹವಳ ನನ್ನ ಬೋಗುಣಿಯಲ್ಲಾದ ಹಾಗೆ ಕರಗಿಹೋಗುತ್ತಿಲ್ಲ. ಸತ್ತ, ಬೋಳಾದ ಹವಳದ ಕಲ್ಲು ಮೊದಲಿಗಿಂತ ಬೇಗ ಕರಗುತ್ತದೆ ಅನ್ನೋದು ನಿಜ. ಬದುಕಿರುವುದಕ್ಕೆ ತೊಂದರೆ ಬೇರೆ: ಕಟ್ಟುವ ಖರ್ಚು ಏರುತ್ತಿದೆ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ನಮ್ಮಪ್ಪ. ಶಿವರಾತ್ರಿಗೆ ಹೋದಾಗ ತೋಟದಲ್ಲಿ ಓಡಾಡುತ್ತಾ ಹೇಳಿದೆ. ಹವಳದ ಜೀವ ತನ್ನ ಮೈಯ ತಳಕ್ಕೂ ಹಳೆಯ ಅಸ್ಥಿಗೂ ನಡುವೆ ಒಂದು ಸಣ್ಣ ಸಂದು ಇಟ್ಟುಕೊಂಡಿರುತ್ತೆ. ಸುಣ್ಣ ಹರಳುಗಟ್ಟುವುದು ಅಲ್ಲೇ. ಕಡಲ ನೀರನ್ನು ಹಾಗೇ ಬಳಸದೆ, ಆ ಸಂದಿನಿಂದ ಹೈಡ್ರೋಜನ್ ಅಯಾನುಗಳನ್ನು ಪಂಪ್ ಮಾಡಿ ಆಚೆ ಹಾಕಿ, ಕ್ಯಾಲ್ಸಿಯಂ ಒಳಗೆಳೆದುಕೊಂಡು, ಪಿಎಚ್ ಅನ್ನು 8.5ರ ಆಸುಪಾಸಿಗೆ ಏರಿಸಿಕೊಳ್ಳುತ್ತೆ. ಆಗ ಬೈಕಾರ್ಬೊನೇಟ್ ಮತ್ತೆ ಕಾರ್ಬೊನೇಟ್ ಆಗಿ ಅರಗೊನೈಟ್ ಅನ್ನೋ ಹರಳು ಬೆಳೆಯುತ್ತದೆ. ಹೊರಗೆ ಹುಳಿ ಜಾಸ್ತಿಯಾದಷ್ಟೂ ಪಂಪಿಗೆ ಕೆಲಸ ಜಾಸ್ತಿ.

ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ನಮ್ ಬೋರ್‌ವೆಲ್ ಇದ್ದಂಗೆ ಅನ್ನು" ಅಂದರು. "ಅಂತರ್ಜಲ ಕೆಳಕ್ಕೆ ಹೋದಂಗೆಲ್ಲ ಅದೇ ಒಂದಿಂಚು ನೀರಿಗೆ ದೊಡ್ಡ ಮೋಟ್ರು, ಜಾಸ್ತಿ ಕರೆಂಟು. ನೀರು ಬರ್ತದೆ, ಆದ್ರೆ ಮನೆ ಖರ್ಚಿಗೆ ಉಳಿಯಲ್ಲ."

ಇಷ್ಟು ಚೆನ್ನಾಗಿ ನಾನು ಓದಿದ ಯಾವ ಪೇಪರ್ರೂ ಹೇಳಿರಲಿಲ್ಲ.

ಆಮೇಲೆ ಅಪ್ಪನೇ ಒಂದು ಮರ ತೋರಿಸಿದರು. ಕಾಂಡದ ನಡುವೆ ಒಂದು ಕಡೆ ಸೊಂಟ ಕಟ್ಟಿದ ಹಾಗೆ ಸಣ್ಣ, ಅದರ ಮೇಲೆ ಮತ್ತೆ ದಪ್ಪ. "ಇದು ಬರದ ಗುರುತು. 2016ರಲ್ಲಿ ನೀರಿಲ್ದೆ ನರಳ್ತಲ್ಲ, ಆಗಿಂದು." ತೆಂಗು ಮಾವಿನ ಹಾಗಲ್ಲ, ಒಂದು ಸಲ ಬೆಳೆದ ಕಾಂಡ ಆಮೇಲೆ ದಪ್ಪವಾಗುವುದಿಲ್ಲ. ಬರದ ವರ್ಷದ ಸಣ್ಣ ಸೊಂಟ ಮರ ಇರೋವರೆಗೂ ಇರುತ್ತೆ. ಹವಳದ ಕಲ್ಲನ್ನು ಸೀಳಿ ಎಕ್ಸ್‌ರೇ ತೆಗೆದರೂ ಹೀಗೇ, ವರ್ಷ ವರ್ಷದ ಪಟ್ಟೆಗಳು ಕಾಣುತ್ತವೆ: ಒಂದು ಗಟ್ಟಿ, ಒಂದು ಟೊಳ್ಳು.

ಅಮೆರಿಕದ ವುಡ್ಸ್ ಹೋಲ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪಟ್ಟೆಗಳ ಬಗ್ಗೆಯೇ. ಪೊರೈಟಿಸ್ ಎಂಬ ಗುಂಡು ಹವಳ ಎರಡು ಹಂತದಲ್ಲಿ ಕಟ್ಟುತ್ತದೆ. ಮೊದಲು ಬೆಳಕಿನ ಕಡೆಗೆ ಸಪೂರ ಕಂಬ ಎಬ್ಬಿಸುತ್ತೆ, ಆಮೇಲೆ ನಿಧಾನವಾಗಿ ಆ ಕಂಬಗಳನ್ನು ದಪ್ಪ ಮಾಡುತ್ತೆ. ನೀರಿನ ಹುಳಿ ಹೊಡೆಯುವುದು ಎರಡನೆಯ ಹಂತಕ್ಕೆ. ಎತ್ತರ ಬೆಳೆಯುವುದು ಅಷ್ಟಾಗಿ ನಿಲ್ಲುವುದಿಲ್ಲ, ಗಟ್ಟಿತನ ಕಡಿಮೆಯಾಗುತ್ತದೆ. ಈ ಶತಮಾನದ ಕೊನೆಗೆ ಕೆಲವು ಕಡೆ ಸಾಂದ್ರತೆ ಶೇ 20ರವರೆಗೂ ಇಳಿಯಬಹುದು ಅನ್ನುವುದು ಅವರ ಅಂದಾಜು. ನೋಡೋಕೆ ಅದೇ ಹವಳ, ಅದೇ ಎತ್ತರ. ಅಲೆ ಬಡಿದಾಗ, ಕಲ್ಲು ಕೊರೆಯುವ ಹುಳು ಬಾಯಿ ಹಾಕಿದಾಗ ಗೊತ್ತಾಗುತ್ತೆ.

ಇನ್ನೊಂದು ಪ್ರಯೋಗ ನನಗೆ ವೃತ್ತಿಯ ಕಾರಣಕ್ಕೇ ಇಷ್ಟವಾಯಿತು. ನಮ್ಮಲ್ಲಿ ಹೊಸ ಕೋಡ್ ಹಾಕಿ ಏನಾದರೂ ಕೆಟ್ಟರೆ ಹಳೆಯ ಆವೃತ್ತಿಗೆ ರೋಲ್‌ಬ್ಯಾಕ್ ಮಾಡಿ ನೋಡುತ್ತೇವೆ. ಸರಿಹೋದರೆ ತಪ್ಪು ಎಲ್ಲಿ ಅಂತ ಖಾತ್ರಿ. ಆಸ್ಟ್ರೇಲಿಯಾದ ಒನ್ ಟ್ರೀ ದ್ವೀಪದ ಹವಳದಿಬ್ಬದಲ್ಲಿ ವಿಜ್ಞಾನಿಗಳು ಹೀಗೇ ಮಾಡಿದರು. ಹರಿಯುವ ನೀರಿಗೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, ಕೈಗಾರಿಕಾ ಯುಗಕ್ಕಿಂತ ಹಿಂದಿನ ಸ್ಥಿತಿಗೆ ಹತ್ತಿರ ತಂದರು. ಸುಣ್ಣ ಕಟ್ಟುವ ವೇಗ ಸುಮಾರು ಶೇ 7ರಷ್ಟು ಏರಿತು. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅಂದರೆ ಪೆಟ್ಟು ಮುಂದೆಂದೋ ಬೀಳುವುದಲ್ಲ, ಈಗಾಗಲೇ ಬಿದ್ದಿದೆ. ಇಡೀ ಕಡಲಿಗೆ ಹೀಗೆ ರೋಲ್‌ಬ್ಯಾಕ್ ಮಾಡುವ ಬಟನ್ ಇಲ್ಲ.

ಹವಳವನ್ನು ಬೇಗ ಕೊಲ್ಲುವುದು ಬಿಸಿ. 2024ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿದ್ದು ಅದರಿಂದಲೇ. ಬಿಸಿಗೆ ಪಾಚಿ ಮನೆ ಬಿಟ್ಟು ಹೋದರೆ ಅಡುಗೆಯೂ ಇಲ್ಲ, ಪಂಪ್ ಓಡಿಸೋಕೆ ಕರೆಂಟೂ ಇಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ಸಂಗತಿ ಇದೆ: ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಪಿಎಚ್ ಕಡಿಮೆ. ಸ್ಕೂಬಾದವರು ಅಂಗಡಿ ಮುಚ್ಚಿ ಕೂರುವ ಆ ತಿಂಗಳುಗಳಲ್ಲಿ ನಮ್ಮ ಕರಾವಳಿಯ ನೀರು ಮೊದಲೇ ಹುಳಿಯ ಕಡೆ ವಾಲಿರುತ್ತದೆ. ಅದರ ಮೇಲೆ ನಮ್ಮ ಪಾಲೂ ಸೇರುತ್ತಿದೆ.

ನಮ್ಮ ಪಾಲು ಅಂದಾಗ ನಮ್ಮ ಸೀಮೆಯೂ ಬಂತು. ಸಿಮೆಂಟ್ ಮಾಡುವುದೆಂದರೆ ಸುಣ್ಣದಕಲ್ಲನ್ನು ಸುಟ್ಟು ಅದರಲ್ಲಿ ಬಂಧಿಯಾಗಿದ್ದ ಕಾರ್ಬನ್ ಡೈಆಕ್ಸೈಡ್ ಬಿಡಿಸುವುದು. ಅಮ್ಮಸಂದ್ರದ ಕಾರ್ಖಾನೆಯ ಸಿಮೆಂಟಿನ ಮನೆಗಳು ನಮ್ಮ ಕಡೆ ಊರೂರಿಗೂ ಇವೆ. ದೊಡ್ಡಗುಣಿ, ಮಾರಿಕಣಿವೆ ಕಡೆಯ ಸುಣ್ಣದಕಲ್ಲುಗಳಲ್ಲಿ ಸ್ಟ್ರೊಮಟೊಲೈಟ್ ಎಂಬ ಪದರಗಳಿವೆ. 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಕಡಲಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ್ದು. ಬಯಲುಸೀಮೆಗೆ ಕಡಲು ಎಲ್ಲಿಂದ ಬಂತು ಅಂತ ಕೇಳಬೇಡಿ, ಕಾಲ ಕೆಳಗೇ ಇದೆ.

ಯುಗಾದಿಗೆ ಅಜ್ಜಿಗೆ ಸರ ವಾಪಸ್ ಕೊಡಲೇಬೇಕಾಯಿತು. ಮೆರುಗು ಹಾಕಿಸಬಹುದಿತ್ತು. ಆದರೆ ಉಜ್ಜಿದಷ್ಟೂ ಮಣಿ ಸವೆಯುತ್ತೆ ಅಂತ ಅಕ್ಕಸಾಲಿಗರು ಹೇಳಿದ್ದರಿಂದ ಬೇಡವೆಂದಿದ್ದೆ. ಹೊಸ ದಾರದಲ್ಲಿ ಪೋಣಿಸಿ, ಮಂಕು ಮಣಿಗಳನ್ನು ಹಾಗೇ ಅವಳ ಅಂಗೈಲಿಟ್ಟು, ನಡೆದದ್ದೆಲ್ಲ ಹೇಳಿದೆ. ಬೈಯಲಿ ಅಂತ ಕಾದೆ.

ಅಜ್ಜಿ ಮಣಿಗಳನ್ನು ಒಂದೊಂದಾಗಿ ಬೆರಳಲ್ಲಿ ಉರುಳಿಸಿದಳು. ಜಪ ಮಾಡುವ ಹಾಗೆ. ಕಣ್ಣಿಗೆ ಪೊರೆ ಬಂದಿದೆ, ಅವಳಿಗೆ ಬಣ್ಣಕ್ಕಿಂತ ತರಿ ಬೇಗ ಗೊತ್ತಾಯಿತು ಅನ್ನಿಸುತ್ತೆ.

"ದೀಪಾವಳಿಲೇ ಗೊತ್ತಾಗಿತ್ತು ಕಣವ್ವ. ದಾರ ನಾನೇ ಆಷಾಢದಾಗೆ ಹೊಸದು ಹಾಕ್ಸಿದ್ದೆ."

"ಮತ್ತೆ ಯಾಕಜ್ಜಿ ಸುಮ್ನಿದ್ದೆ?"

"ನೀನೇ ಹೇಳ್ತೀಯೇನೋ ಅಂತ."

ಎದ್ದು ಹೋಗಿ ಒಳಗಿನಿಂದ ಕೊಬ್ಬರಿ ಎಣ್ಣೆ ಬಟ್ಟಲು ತಂದಳು. ಅಟ್ಟದ ಮೇಲೆ ವರ್ಷ ಒಣಗಿದ ನಮ್ಮದೇ ಕೊಬ್ಬರಿಯ ಎಣ್ಣೆ. ನನ್ನ ಕೈಗೆ ಎರಡು ಹನಿ ಹಾಕಿ, "ಮೆಲ್ಲಗೆ ಸವರು, ಉಜ್ಬ್ಯಾಡ" ಅಂದಳು. ಹದಿನೇಳನೇ ಮಣಿಯ ಹೊತ್ತಿಗೆ ಸ್ವಲ್ಪ ಕೆಂಪು ಕಂಡ ಹಾಗಾಯಿತು. ಎಣ್ಣೆ ಆರಿದ ಮೇಲೆ ಮತ್ತೆ ಮಂಕಾಗುತ್ತೆ ಅಂತ ನನಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು ಅನ್ನಿಸುತ್ತೆ, ಬಟ್ಟಲನ್ನು ಒಳಗೆ ಇಡದೆ ಕಿಟಕಿಯಲ್ಲೇ ಇಟ್ಟಳು.