ಒಂದು ಕೊಂಡಿ ಕಳಚಿದಾಗ

ಹಂಪಿ ಬಜಾರಿನ ಪಶ್ಚಿಮ ತುದಿಗೆ ವಿರೂಪಾಕ್ಷನ ಗೋಪುರ. ಪೂರ್ವ ತುದಿಗೆ, ಮಾತಂಗ ಬೆಟ್ಟದ ಬುಡದಲ್ಲಿ, ಎದುರು ಬಸವಣ್ಣ. ನಡುವೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿ. ಇಕ್ಕೆಲಗಳಲ್ಲೂ ಕಲ್ಲುಕಂಬಗಳ ಸಾಲುಮಂಟಪ. ೨೦೨೪ರ ಮೇ ತಿಂಗಳ ಮಳೆಗೆ ಈ ಸಾಲಿನ ಒಂದು ಭಾಗ ಕುಸಿದುಬಿತ್ತು. ಉಳಿದದ್ದು ನಿಂತೇ ಇತ್ತು. ಭಾರವೆಲ್ಲ ಒಂದೇ ಕಂಬದ ಮೇಲಿಲ್ಲ. ಹಾಗಾಗಿ ನಾಲ್ಕು ಕಂಬ ಬಿದ್ದರೂ ಬೀದಿ ಬೀಳುವುದಿಲ್ಲ.

ಕಂಪ್ಯೂಟರ್ ಓದುವ ಮಕ್ಕಳಿಗೆ ಇದು ಮೊದಲ ಪಾಠ. ಕೆಡದ ಯಂತ್ರವನ್ನು ಈವರೆಗೆ ಯಾರೂ ಮಾಡಿಲ್ಲ. ಕೆಟ್ಟಾಗಲೂ ಕೆಲಸ ನಿಲ್ಲದಂತೆ ಕಟ್ಟುವುದೇ ಜಾಣತನ. ಬ್ಯಾಂಕಿನ ಲೆಕ್ಕವಿರುವ ಡಿಸ್ಕ್ ಒಂದು ಕೆಟ್ಟರೆ ಅದೇ ಲೆಕ್ಕ ಇನ್ನೊಂದರಲ್ಲಿರಬೇಕು. ಒಂದು ಸರ್ವರ್ ನಿಂತರೆ ಅದರ ಜೋಡಿ ಕೆಲಸವನ್ನು ವಹಿಸಿಕೊಳ್ಳಬೇಕು. ಊರಿಗೆ ಊರೇ ಮುಳುಗಿದರೆ ದೂರದ ಊರಿನಲ್ಲೊಂದು ನಕಲು ಇರಬೇಕು.

ಎರಡನೆಯ ಪಾಠಕ್ಕೆ ಹೊಸಪೇಟೆಗೆ ಹೋಗಬೇಕು. ಅಲ್ಲಿನ ತುಂಗಭದ್ರಾ ಅಣೆಕಟ್ಟಿಗೆ ೩೩ ಗೇಟುಗಳು. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೇ ಗೇಟಿನ ಸರಪಳಿ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಬೆಳೆಗೆಂದು ಕೂಡಿಟ್ಟ ನೀರು ಕಣ್ಣೆದುರೇ ಹೊಳೆಪಾಲಾಗುತ್ತಿತ್ತು. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಜಿಲ್ಲೆಗಳ ರೈತರು ನಾಟಿ ಮಾಡಿದ ಭತ್ತದ ಗತಿಯೇನೆಂದು ಕಂಗಾಲಾದರು.

ಇಂಥ ಹೊತ್ತಿಗೆ ಗೇಟಿನ ಜಾಗದಲ್ಲಿ ಇಳಿಸುವ ಉಕ್ಕಿನ ತಡೆಹಲಗೆಗಳಿಗೆ ಸ್ಟಾಪ್‌ಲಾಗ್ ಎನ್ನುತ್ತಾರೆ. ಅವು ಅಲ್ಲಿ ಸಿದ್ಧವಿರಲಿಲ್ಲ. ಹಗಲಿರುಳು ಕೂತು ತಯಾರಿಸಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಆಗಸ್ಟ್ ೧೬ರಂದು ಮೊದಲ ಹಲಗೆ ಕೂತಿತು. ಮರುದಿನದ ಹೊತ್ತಿಗೆ ಐದೂ ಕೂತವು. ಮುಂದೆ ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಆದರೆ ಮಳೆ ಪ್ರತಿಸಲ ಕೈಹಿಡಿಯುತ್ತದೆಂದು ನಂಬುವುದು ಹೇಗೆ? ಬದಲಿ ವ್ಯವಸ್ಥೆ ಬೇಕಾಗುವುದು ಕೆಟ್ಟ ದಿನ. ಆದರೆ ಅದನ್ನು ಮಾಡಿಡಬೇಕಾದದ್ದು, ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕಾದದ್ದು ಒಳ್ಳೆಯ ದಿನ. ಕಂಪ್ಯೂಟರ್ ಕೇಂದ್ರಗಳಲ್ಲಿ ಬೇಕೆಂದೇ ಒಂದು ಸರ್ವರ್ ನಿಲ್ಲಿಸಿ ನೋಡುವುದು ಇದಕ್ಕಾಗಿಯೇ.

ಮೂರನೆಯ ಪಾಠ ಹಂಪಿಯಲ್ಲೇ ಹರಿಯುತ್ತಿದೆ. ೧೫೬೫ರ ಯುದ್ಧದ ನಂತರ ವಿಜಯನಗರ ಹಾಳಾಯಿತು. ಅರಮನೆಗಳು ಬುನಾದಿಯಷ್ಟೇ ಉಳಿದವು. ಆದರೆ ಆ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ನದಿಗೆ ಅಡ್ಡಲಾಗಿ ತಗ್ಗಾದ ಕಲ್ಲಿನ ಒಡ್ಡು, ಇಳಿಜಾರು ಹಿಡಿದು ಸಾಗುವ ನೀರು, ಅಷ್ಟೆ. ಸರಳವಾದದ್ದು ಕೆಡುವುದು ಕಡಿಮೆ. ಕೆಟ್ಟರೂ ರಿಪೇರಿ ಸುಲಭ. ಆದರೂ ಹೂಳೆತ್ತುವವರು, ಒಡೆದದ್ದನ್ನು ಕಟ್ಟುವವರು ತಲೆಮಾರಿನಿಂದ ತಲೆಮಾರಿಗೆ ಬೇಕೇಬೇಕು.

ಹಂಪಿಗೆ ಮಕ್ಕಳನ್ನು ಕರೆತರುವ ತಂದೆತಾಯಿಯರು ಬಿದ್ದ ಕಲ್ಲುಗಳನ್ನು ತೋರಿಸಿ ಮರಳುವುದೇ ಹೆಚ್ಚು. ಹರಿಯುವ ಕಾಲುವೆಯ ದಂಡೆಯಲ್ಲೂ ಒಂದು ಗಳಿಗೆ ನಿಲ್ಲಿಸುವುದು ಒಳ್ಳೆಯದು.