ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗೇ ಇದೆಯಲ್ಲ!

ನಮ್ಮದು ಬೆಂಗಳೂರಿನ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಎಲ್ಲ ಸೇರಿ ಒಂಬತ್ತು ಜನ. ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಅದರಲ್ಲಿ ಏನಾದರೂ ತಪ್ಪಿದ್ದರೆ ಅದಕ್ಕೆ ಬಗ್ ಅಂತೀವಿ. ಮೊದಲೆಲ್ಲ ಬಗ್ ಸಿಕ್ಕರೆ ನಮ್ಮ ಟೆಸ್ಟರ್ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಒಂದು ಸಾಲು ಹಾಕುತ್ತಿದ್ದಳು. ನಾನು ಹೆಬ್ಬೆಟ್ಟು ತೋರಿಸುತ್ತಿದ್ದೆ. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯ, ಮಧ್ಯಾಹ್ನದ ಊಟದ ಚರ್ಚೆ ಬಂದು ಅದು ಮೇಲೆ ಹೋಗಿಬಿಡುತ್ತಿತ್ತು.

ಒಂದು ದಿನ ಗ್ರಾಹಕರೊಬ್ಬರ ಫೋನ್ ಬಂತು. ‘ಸರ್, ಸ್ಟಾಕ್ ರಿಪೋರ್ಟ್ ಪ್ರಿಂಟ್ ತೆಗೆಯೋದು ಹೇಗೆ? ಕಂಪ್ಯೂಟರ್‌ನಲ್ಲಿ ಇರೋ ಮಾತ್ರೆ ಕಪಾಟಿನಲ್ಲಿ ಇಲ್ಲ. ಹುಡುಗ ಕೈಚಳಕ ತೋರಿಸಿದಾನೆ. ಅವನ ಸಂಬಳದಲ್ಲಿ ಹಿಡೀಬೇಕು’ ಅಂದರು. ನಾನು ಪ್ರಿಂಟ್ ತೆಗೆಯೋದು ಹೇಗೆ ಅಂತ ಸಲೀಸಾಗಿ ಹೇಳಿಕೊಟ್ಟೆ!

ಪಕ್ಕದಲ್ಲಿ ಕೂತಿದ್ದ ಟೆಸ್ಟರ್ ಮಾತಾಡದೆ ತನ್ನ ಮೊಬೈಲ್ ತೆಗೆದು ಗ್ರೂಪ್ ಹಿಂದೆ ಹಿಂದೆ ಸರಿಸುತ್ತಾ ಹೋದಳು. ಮೂರು ವಾರದ ಹಿಂದಿನ ಮೆಸೇಜ್: ‘ಔಷಧಿ ವಾಪಸ್ ತಗೊಂಡಾಗ ಸ್ಟಾಕ್ ಎರಡು ಸಲ ಸೇರ್ತಿದೆ.’ ಅದರ ಕೆಳಗೆ ನನ್ನದೇ ಹೆಬ್ಬೆಟ್ಟು. ಹೊಟ್ಟೆಯಲ್ಲಿ ತಣ್ಣಗಾಯಿತು. ಗ್ರಾಹಕ ಒಂದು ಸ್ಟ್ರಿಪ್ ವಾಪಸ್ ಕೊಟ್ಟರೆ ಲೆಕ್ಕದಲ್ಲಿ ಎರಡು ಏರುತ್ತಿತ್ತು. ಕಪಾಟಿನಲ್ಲಿ ಒಂದೇ. ಮಧ್ಯದ ವ್ಯತ್ಯಾಸ ಹೊತ್ತವನು ಕೌಂಟರ್ ಹುಡುಗ. ತಕ್ಷಣ ಮಾಲೀಕರಿಗೆ ಫೋನ್ ಮಾಡಿ, ‘ಸರ್, ದಯವಿಟ್ಟು ಎರಡು ದಿನ ಕಾಯಿರಿ, ನಮ್ಮದೇ ತಪ್ಪಿರಬಹುದು’ ಅಂದೆ.

ಅವತ್ತೇ ನಮ್ಮ ಲೀಡ್ ಒಂದು ಹಳೇ ಕಂಪ್ಯೂಟರ್ ಮೇಲೆ ಬಗ್‌ಜಿಲ್ಲಾ ಹಾಕಿದರು. 1998ರಲ್ಲಿ ಮೊಜಿಲ್ಲಾದವರು ತಮ್ಮ ಬ್ರೌಸರ್‌ನ ತಪ್ಪುಗಳ ಲೆಕ್ಕ ಇಡೋಕೆ ಹೊರತಂದ ಉಚಿತ ತಂತ್ರಾಂಶ ಅದು. ಪ್ರತಿ ತಪ್ಪಿಗೂ ಒಂದು ನಂಬರ್, ಒಬ್ಬ ಹೊಣೆಗಾರ, ಈಗ ಯಾವ ಹಂತದಲ್ಲಿದೆ ಅನ್ನೋ ಗುರುತು ಇರುತ್ತೆ. ಟಿಕೆಟ್ ನಂಬರ್ 1 ಆ ಸ್ಟಾಕ್ ಬಗ್‌ದೇ. ಹೊಣೆ ನನ್ನದು.

ನಾನು ನನ್ನ ಲ್ಯಾಪ್‌ಟಾಪ್‌ನಲ್ಲಿ ಹತ್ತು ಸಲ ಔಷಧಿ ವಾಪಸ್ ತಗೊಂಡು ನೋಡಿದೆ. ಲೆಕ್ಕ ಸರಿಯಾಗೇ ಇತ್ತು. ಇಂಥದ್ದಕ್ಕೆಂದೇ ಬಗ್‌ಜಿಲ್ಲಾದಲ್ಲಿ ‘ವರ್ಕ್ಸ್ ಫಾರ್ ಮಿ’ ಅನ್ನೋ ಆಯ್ಕೆ ಇದೆ. ಖುಷಿಯಿಂದ ಒತ್ತಿ ಮುಗಿಸಿದೆ. ಅವಳು ಮತ್ತೆ ತೆರೆದಳು. ನಾನು ಮುಚ್ಚಿದೆ. ಅವಳು ತೆರೆದಳು. ಮೂರನೇ ಸಲ ಸಿಟ್ಟಿನಲ್ಲೇ ಅವಳ ಟೇಬಲ್‌ಗೆ ಹೋದೆ. ‘ಕೂತ್ಕೊಳ್ಳಿ, ನೀವೇ ಮಾಡಿ’ ಅಂದಳು. ಅಂಗಡಿಗಳಲ್ಲಿ ಇರುವಂಥದ್ದೇ ಹಳೇ ಕಂಪ್ಯೂಟರ್. ಸೇವ್ ಒತ್ತಿದೆ, ಪರದೆ ಎರಡು ಸೆಕೆಂಡ್ ಅಲ್ಲಾಡಲಿಲ್ಲ. ಕೈ ತಾನಾಗೇ ಇನ್ನೊಮ್ಮೆ ಎಂಟರ್ ಒತ್ತಿತು. ಎರಡು ಸಲ ಒತ್ತಿದ್ದು ಎರಡು ಸಲ ಸೇರಿತು. ನನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಾಯೋ ಪ್ರಸಂಗವೇ ಇರಲಿಲ್ಲ. ಮುಂದೆ ಹತ್ತು ಜನ ಗ್ರಾಹಕರು ನಿಂತಿರುವಾಗ ಆ ಹುಡುಗ ಒತ್ತದೆ ಇರ್ತಾನಾ?

ಕೋಡ್ ಸರಿಮಾಡೋಕೆ ಅರ್ಧ ಗಂಟೆ ಸಾಕಾಯ್ತು. ಮಾಲೀಕರಿಗೆ ವಿವರಿಸೋದೇ ಕಷ್ಟ ಆಯ್ತು. ಹುಡುಗನಿಗೂ ಫೋನ್ ಕೊಡಿಸಿಕೊಂಡು ಕ್ಷಮೆ ಕೇಳಿದೆ. ಅವನು ‘ಪರವಾಗಿಲ್ಲ ಸಾರ್’ ಅಂದ. ಆಮೇಲೆ ಸ್ವಲ್ಪ ತಡೆದು, ‘ಮನೇಲೂ ಹೇಳಿಬಿಟ್ಟಿದ್ರು ಸಾರ್’ ಅಂದ. ನನಗೆ ಮಾತೇ ಹೊರಡಲಿಲ್ಲ.

ತಂತ್ರಾಂಶ ಹಾಕಿದ ಮಾತ್ರಕ್ಕೆ ತಂಡ ಕಲಿತುಬಿಡೋದಿಲ್ಲ. ಮೊದಲ ವಾರದ ಟಿಕೆಟ್‌ಗಳು ಹೀಗಿದ್ದವು: ‘ಬಿಲ್ ಬರ್ತಿಲ್ಲ. ಅರ್ಜೆಂಟ್!’ ಯಾವ ಬಿಲ್? ಯಾವಾಗ? ಏನು ಒತ್ತಿದಾಗ? ಎಲ್ಲವೂ ಅರ್ಜೆಂಟ್ ಅಂದ ಮೇಲೆ ಯಾವುದೂ ಅರ್ಜೆಂಟ್ ಅಲ್ಲ ಅಂತಾಯ್ತು. ಕೊನೆಗೆ ಮೂರು ಪ್ರಶ್ನೆ ಗೋಡೆಗೆ ಅಂಟಿಸಿದೆವು. ಏನೇನು ಮಾಡಿದಿರಿ? ಏನಾಗಬೇಕಿತ್ತು? ಏನಾಯ್ತು? ತಪ್ಪು ಎಷ್ಟು ದೊಡ್ಡದು, ಎಷ್ಟು ಬೇಗ ಸರಿಮಾಡಬೇಕು ಅನ್ನೋದು ಬೇರೆ ಬೇರೆ ಅಂತಲೂ ಗೊತ್ತಾಯ್ತು. ಬಿಲ್ ಮೇಲೆ ಅಂಗಡಿ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಲೆಕ್ಕಕ್ಕೇನೂ ನಷ್ಟ ಇಲ್ಲ, ಆದರೆ ಮಾಲೀಕರಿಗೆ ಅದು ಇವತ್ತೇ ಸರಿಯಾಗಬೇಕು!

ಇನ್ನೊಂದು ತೊಡಕೂ ಬಂತು. ಯಾರ ಹೆಸರಲ್ಲಿ ಎಷ್ಟು ಬಗ್ ಅಂತ ಎಣಿಸಿ ಇನ್‌ಕ್ರಿಮೆಂಟ್‌ಗೆ ಸೇರಿಸ್ತಾರಂತೆ ಅಂತ ಸುದ್ದಿ ಹಬ್ಬಿತು. ಮರುದಿನದಿಂದಲೇ ಹುಡುಗರು ಟೆಸ್ಟರ್ ಹತ್ತಿರ ಹೋಗಿ, ‘ಟಿಕೆಟ್ ಹಾಕಬೇಡಿ, ಬಾಯಲ್ಲೇ ಹೇಳಿ’ ಅನ್ನೋಕೆ ಶುರುಮಾಡಿದರು. ಲೀಡ್ ಎಲ್ಲರನ್ನೂ ಕೂರಿಸಿ ಎಣಿಸೋದಿಲ್ಲ ಅಂತ ಮಾತು ಕೊಟ್ಟರು. ಜೊತೆಗೆ ಒಂದು ನಿಯಮವೂ ಬಂತು: ಸರಿಮಾಡಿದವನೇ ಟಿಕೆಟ್ ಮುಚ್ಚುವಂತಿಲ್ಲ, ತಪ್ಪು ಕಂಡುಹಿಡಿದವರು ನೋಡಿ ಒಪ್ಪಬೇಕು. ಇದು ಮುಖ್ಯವಾಗಿ ನನಗಾಗಿಯೇ ಮಾಡಿದ್ದು ಅಂತ ಎಲ್ಲರಿಗೂ ಗೊತ್ತು.

ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಅಡುಗೆಮನೆ ಕ್ಯಾಲೆಂಡರ್ ತೋರಿಸಿದರು. ಹಾಲು ಬಾರದ ದಿನಕ್ಕೆ ಸುತ್ತು, ಅರ್ಧ ಲೀಟರ್ ಕಡಿಮೆ ಬಂದ ದಿನಕ್ಕೆ ಗೀಟು, ಸಿಲಿಂಡರ್ ಹಾಕಿದ ತಾರೀಕು. ‘ಬರೆದಿಟ್ಟರೆ ತಿಂಗಳ ಕೊನೇಲಿ ಹಾಲಿನವನ ಜೊತೆ ಜಗಳ ಇರಲ್ಲ ಕಣೋ. ಅವನ ಮೇಲೆ ಸುಮ್ಮನೆ ಅನುಮಾನ ಪಡೋದೂ ಇರಲ್ಲ’ ಅಂದರು.

ಈಗ ನಮ್ಮ ಟಿಕೆಟ್ ನಂಬರ್ ಸಾವಿರ ದಾಟಿದೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ತೆರೆದು ತೋರಿಸೋದು ನಂಬರ್ 1 ಅನ್ನೇ. ನಾನು ಮೂರು ಸಲ ಮುಚ್ಚಲು ಹೋಗಿದ್ದು ತಾರೀಕು, ಸಮಯದ ಸಮೇತ ಅಲ್ಲಿದೆ. ಅಳಿಸೋಕೆ ಬರಲ್ಲ. ಅಳಿಸೋದೂ ಬೇಡ.