ತಂಗಡಿ ಚಕ್ಕೆ

ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದರು. ಆಮೇಲೆ ನಿರಂಜನರು ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಸಂಪಾದಿಸಿದರು. ಹಳ್ಳಿ ಮಕ್ಕಳಿಗೂ ಲೋಕ ತಿಳೀಲಿ ಅಂತ ದುಡಿದವರು, ಅವರಿಗೆ ಶರಣು. ನಮ್ಮ ಶಾಲೆಯಲ್ಲಿ ಮಾತ್ರ ಇಂಥ ಪುಸ್ತಕಗಳೆಲ್ಲ ಬೀರುವಿನೊಳಗೆ. “ಮುಟ್ಟಬ್ಯಾಡ್ರೋ, ಕೊಳೆಯಾಗ್ತವೆ” ಅಂತಿದ್ದರು ಮೇಷ್ಟ್ರು. ಯಾರ ಕೈಯ ಕೊಳೆ ಅನ್ನೋದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ನಮ್ಮ ತಾತಂದಿರು ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕುತ್ತಿದ್ದರು. ಕೂದಲು ಸಡಿಲವಾದ ಮೇಲೆ ಹೆರೆದು, ತಂಗಡಿ ಚಕ್ಕೆ ಕುಟ್ಟಿ ಹಾಕಿದ ನೀರಲ್ಲಿ ದಿನಗಟ್ಟಲೆ ಬಿಟ್ಟು ಹದ ಮಾಡುತ್ತಿದ್ದರು. ಚಕ್ಕೆಯ ಟ್ಯಾನಿನ್ ತೊಗಲಿನ ಪ್ರೋಟೀನನ್ನು ಹಿಡಿದುಕೊಂಡು ಕೊಳೆಯದಂತೆ ಕಾಯುತ್ತದೆ ಅಂತ ನಾವು ತಿಳಿದದ್ದು ಕಾಲೇಜಿನ ಕೆಮಿಸ್ಟ್ರಿ ಕ್ಲಾಸಿನಲ್ಲಿ. ಅಲ್ಲೀತನಕ ಅದನ್ನು ಯಾರೂ ವಿದ್ಯೆ ಅಂದಿರಲಿಲ್ಲ. ನಾತ ಅಂದಿದ್ದರು.

2007ರಲ್ಲಿ ಕಂಚ ಐಲಯ್ಯ ಮಕ್ಕಳಿಗಾಗಿಯೇ ಇಂಗ್ಲಿಷಿನಲ್ಲಿ ‘ಟರ್ನಿಂಗ್ ದ ಪಾಟ್, ಟಿಲ್ಲಿಂಗ್ ದ ಲ್ಯಾಂಡ್’ ಬರೆದರು. ತೊಗಲು ಹದ ಮಾಡುವವರು, ಕುಂಬಾರರು, ಅಗಸರು, ಕ್ಷೌರಿಕರು, ಇವರ ಕೈಕೆಲಸದೊಳಗಿನ ವಿಜ್ಞಾನವನ್ನು ಹೇಳುವ ಪುಸ್ತಕ. ಚಿತ್ರ ಬರೆದವರು ಗೊಂಡ ಕಲಾವಿದೆ ದುರ್ಗಾಬಾಯಿ ವ್ಯಾಮ್. ಹತ್ತನೇ ವಯಸ್ಸಿನಲ್ಲಿ ಇದು ಕೈಗೆ ಸಿಕ್ಕಿದ್ದರೆ ನಾವು ಅಪ್ಪನ ಕಸುಬು ಕೇಳಿದಾಗ ತಲೆ ತಗ್ಗಿಸಬೇಕಿರಲಿಲ್ಲ.

ಹಾಗಂತ ಕಸುಬು ಹೊಗಳಿ ಮಕ್ಕಳನ್ನು ಮತ್ತೆ ಅದೇ ಸುಣ್ಣದ ತೊಟ್ಟಿಗೆ ಇಳಿಸೋ ಪುಸ್ತಕ ಯಾರಾದರೂ ಬರೆದರೆ, ಅದನ್ನು ಮೊದಲು ಹರಿಯುವವರೂ ನಾವೇ.

ಹಳ್ಳಿಯ ಮೇಷ್ಟ್ರುಗಳೇ, ವಿಜ್ಞಾನದ ಪಾಠದ ದಿನ ಕೇರಿಯ ಹಿರಿಯರೊಬ್ಬರನ್ನು ಕರೆದು, ಕುರ್ಚಿ ಹಾಕಿ ಕೂರಿಸಿ ಕೇಳಿ. ಮಕ್ಕಳು ಬರಕೊಳ್ಳಲಿ. ನಮ್ಮೂರಲ್ಲಿ ತಂಗಡಿ ಚಕ್ಕೆಯ ಲೆಕ್ಕ ಬಲ್ಲವರು ಇನ್ನಿಬ್ಬರೇ ಉಳಿದಿದ್ದಾರೆ.